ಮೋರೀಯದ ಪಾಠ

“ಬೇಡ ಅಂದ್ರೆ ಬೇಡ” ಎಂದು ಮೇಷ್ಟ್ರು ಬಾಯಲ್ಲಿದ್ದ ಐಸಿನ ತುಂಡನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ತಳ್ಳಿದರು. ನೀರು ಹೆಚ್ಚು ಕುಡಿಯಬಾರದೆಂದು ಡಾಕ್ಟರು ಕಟ್ಟುಮಾಡಿದಾಗಿನಿಂದ ಅವರ ಬಾಯಾರಿಕೆಗೆ ಐಸಿನ ತುಂಡೇ ಗತಿ. ಕೋಪ ಬಂದಾಗ ಅದನ್ನು ಕಟಕಟ ಕಡಿಯುವುದು ಅವರ ಅಭ್ಯಾಸ. ಈಗ ಕಡಿಯಲಿಲ್ಲ. ಇದು ಕೋಪವಲ್ಲ, ನಿಜವಾಗಿಯೂ ನಿರ್ಧಾರ ಮಾಡಿಬಿಟ್ಟಿದ್ದಾರೆ ಎಂದು ಅವರ ಹೆಂಡತಿಗೆ ಗೊತ್ತಾಯಿತು.

ಮೇಜಿನ ಆಚೆ ಬದಿ ಮಗಳು ಡ್ಯೂಟಿಯ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು ಕೂತಿದ್ದಳು. ಊರೊಳಗಿನ ಬಸ್ಸು ಓಡಿಸುವವಳು. ರಜೆಯ ದಿನಗಳಲ್ಲಿ ಡಿಪೋದಲ್ಲಿ ಮೀಟಿಂಗು ಎಂದು ಸುಳ್ಳು ಹೇಳಿ ಆಸ್ಪತ್ರೆಗೆ ಹೋಗಿ, ಒಂದಾದ ಮೇಲೊಂದು ಪರೀಕ್ಷೆ ಮಾಡಿಸಿಕೊಂಡು, ತನ್ನ ಕಿಡ್ನಿ ಅಪ್ಪನಿಗೆ ಹೊಂದುತ್ತದೆ ಎಂದು ಖಚಿತವಾದ ಮೇಲೆ ಈವತ್ತು ಊಟದ ನಡುವೆ, ನಾಳೆಯಿಂದ ಬಸ್ಸಿನ ರೂಟು ಬದಲು ಎನ್ನುವಷ್ಟು ಸಲೀಸಾಗಿ ಆ ಸುದ್ದಿ ಹೇಳಿದ್ದಳು. ಮೊಂಡುತನವೇ ಹೊಂದಿಕೊಂಡಿರುವಾಗ ಕಿಡ್ನಿ ಹೊಂದದೆ ಇರುತ್ತದೆಯೇ ಎಂದು ನಕ್ಕೂ ಇದ್ದಳು. ಮೇಷ್ಟ್ರು ನಗಲಿಲ್ಲ.

“ನಾನು ಆ ಬೆಟ್ಟ ಹತ್ತಲ್ಲ” ಎಂದು ಎದ್ದು ಕೋಣೆಗೆ ಹೋದರು.

ಬೇರೆ ಮನೆಯಾಗಿದ್ದರೆ ಯಾವ ಬೆಟ್ಟ ಎಂದು ಕೇಳಬೇಕಾಗುತ್ತಿತ್ತು. ಈ ಮನೆಯಲ್ಲಿ ಕೇಳುವ ಅಗತ್ಯವಿರಲಿಲ್ಲ. ಮೇಷ್ಟ್ರು ಧರ್ಮಶಾಸ್ತ್ರದ ಕಾಲೇಜಿನಲ್ಲಿ ಹೀಬ್ರೂ ಧರ್ಮಗ್ರಂಥ ಕಲಿಸಿ ನಿವೃತ್ತರಾದವರು. ಆ ಗ್ರಂಥದಲ್ಲಿ ಬೆಟ್ಟಗಳಿಗೇನು ಕೊರತೆ. ಒಂದರ ಮೇಲೆ ಕಟ್ಟಳೆಗಳು ಸಿಗುತ್ತವೆ, ಒಂದರ ಮೇಲೆ ಬೆಂಕಿ ಇಳಿಯುತ್ತದೆ, ಇನ್ನೊಂದರ ತುದಿಯಲ್ಲಿ ಮುದುಕನೊಬ್ಬ ತಾನು ಕಾಲಿಡಲಾಗದ ನಾಡನ್ನು ಕಣ್ತುಂಬ ನೋಡಿ ಸಾಯುತ್ತಾನೆ. ಅವನ್ನೆಲ್ಲ ಮೇಷ್ಟ್ರು ಹುಡುಗರ ಹಾಗೆ ಹತ್ತಿ ಇಳಿಯುತ್ತಿದ್ದರು. ಮೋರೀಯ ಬೆಟ್ಟ ಬಂದಾಗ ಮಾತ್ರ ಕಾಲೆಳೆಯುತ್ತಿದ್ದರು.

ಮುಪ್ಪಿನಲ್ಲಿ ಹುಟ್ಟಿದ ಮಗನನ್ನು ಆ ಬೆಟ್ಟಕ್ಕೆ ಕರೆದೊಯ್ದು ಬಲಿ ಕೊಡು ಎಂದು ದೇವರು ತಂದೆಯೊಬ್ಬನಿಗೆ ಹೇಳುತ್ತಾನೆ. ತಂದೆ ಬೆಳಗಾಗೆದ್ದು ಸೌದೆ ಸೀಳಿ, ಮಗನನ್ನು ಕರೆದುಕೊಂಡು ಹೊರಡುತ್ತಾನೆ. ಬೆಂಕಿ ಇದೆ, ಸೌದೆ ಇದೆ, ಬಲಿಗೆ ಕುರಿಮರಿ ಎಲ್ಲಿ ಎಂದು ಮಗ ಕೇಳಿದರೆ, ದೇವರು ನೋಡಿಕೊಳ್ಳುತ್ತಾನೆ ಎನ್ನುತ್ತಾನೆ. ಮೇಲೆ ಹೋಗಿ ಮಗನನ್ನು ಕಟ್ಟಿ ಸೌದೆಯ ಮೇಲೆ ಮಲಗಿಸಿ ಕತ್ತಿ ಎತ್ತಿದಾಗ, ಬೇಡ ಎಂಬ ದನಿ ಕೇಳುತ್ತದೆ. ಪೊದೆಯಲ್ಲಿ ಕೊಂಬು ಸಿಕ್ಕಿಸಿಕೊಂಡ ಟಗರು ಕಾಣುತ್ತದೆ. ಮಗ ಉಳಿಯುತ್ತಾನೆ. ಮುಂದೆ ದೇವಾಲಯ ಎದ್ದದ್ದೂ ಅದೇ ಬೆಟ್ಟದ ಮೇಲೆ ಎಂದು ಗ್ರಂಥದ ಇನ್ನೊಂದು ಕಡೆ ಹೇಳಿದೆ. ತಂದೆ ಆ ಜಾಗಕ್ಕಿಟ್ಟ ಹೆಸರಿನಲ್ಲಿ ‘ನೋಡು’ ಎಂಬ ಅರ್ಥವೂ ಇದೆ, ‘ಒದಗಿಸು’ ಎಂಬ ಅರ್ಥವೂ ಇದೆ. ಬೇರೆ ಭಾಷೆಯವರು ಎರಡರಲ್ಲೊಂದನ್ನು ಆರಿಸಿಕೊಂಡು ಒದ್ದಾಡಬೇಕು, ನಮ್ಮಲ್ಲಿ ‘ನೋಡಿಕೊಳ್ಳುತ್ತಾನೆ’ ಅಂದುಬಿಟ್ಟರೆ ಎರಡೂ ಆಯಿತು ಎಂದು ಮೇಷ್ಟ್ರು ಪ್ರತಿವರ್ಷವೂ ಆಗ ತಾನೇ ಕಂಡುಹಿಡಿದವರಂತೆ ಹಿಗ್ಗುತ್ತಿದ್ದರು. ಹಿಗ್ಗಿ, ಆಮೇಲೆ ಮಂಕಾಗುತ್ತಿದ್ದರು. ದೇವರು ಕೊನೆಗೆ ತಡೆದ, ಸರಿ. ಆದರೆ ತಂದೆ ದಾರಿಯುದ್ದಕ್ಕೂ ಆ ಮಗನಿಗೆ ನಿಜ ಹೇಳದೆ ನಡೆಸಿಕೊಂಡು ಹೋದನಲ್ಲ, ಅದಕ್ಕೆ ಯಾರು ಉತ್ತರ ಕೊಡುತ್ತಾರೆ ಎನ್ನುತ್ತಿದ್ದರು. ಮಗಳು ಹುಟ್ಟಿದ ವರ್ಷವಂತೂ ಗಂಟಲು ಕಟ್ಟಿದೆ ಎಂದು ಪ್ರಿನ್ಸಿಪಾಲರಿಗೆ ನೆವ ಹೇಳಿ ಆ ಪಾಠವನ್ನೇ ಬಿಟ್ಟಿದ್ದರು. ಮನೆಗೆ ಬಂದರೆ ಅದೇ ಗಂಟಲು ತೊಟ್ಟಿಲ ಮುಂದೆ ಗಂಟೆಗಟ್ಟಲೆ ಹಾಡುತ್ತಿತ್ತು.

ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಬೇಕರಿಯಮ್ಮ. ಅಪ್ಪನಿಂದ ಬಂದ ಬೇಕರಿ ಆಕೆಯದು. ಮುಂದೆ ಅಂಗಡಿ, ನಡುವೆ ಒಲೆಮನೆ, ಹಿಂದೆ ವಾಸದ ಮನೆ. ಮೇಷ್ಟ್ರು ಮೊದಲ ಸಲ ಬಂದದ್ದು ಬನ್ನು ಕೊಳ್ಳುವುದಕ್ಕೆ. ಬನ್ನು ತಿನ್ನುತ್ತ ನಿಂತಲ್ಲೇ ಪುಸ್ತಕ ಓದತೊಡಗಿ, ಬಾಗಿಲು ಹಾಕುವ ಹೊತ್ತಾದರೂ ಕದಲದೆ, ಕೊನೆಗೆ ಆಕೆ ಪೊರಕೆ ಹಿಡಿದು ಬಂದು “ಕಾಲೆತ್ತಿ” ಎನ್ನಬೇಕಾಗಿತ್ತು. ಮದುವೆಯಾದ ಹೊಸತರಲ್ಲಿ ಅವರು ಬೆಟ್ಟದ ಕಥೆ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: ಆ ಹುಡುಗನ ತಾಯಿ ಆಗ ಎಲ್ಲಿದ್ದಳು? ಗ್ರಂಥದಲ್ಲಿ ಆ ವಿಷಯವಿಲ್ಲ ಎಂದು ಅವರು ತಡವರಿಸಿದಾಗ, “ಮನೇಲಿ ಹಿಟ್ಟು ನಾದ್ತಿದ್ಲು ಅಂತ ಕಾಣುತ್ತೆ” ಎಂದಿದ್ದಳು. ಮೇಷ್ಟ್ರು ಕೂತಲ್ಲಿಂದ ಜಿಗಿದು, ಕೆಲವೇ ಪುಟ ಹಿಂದೆ ಆ ತಾಯಿ ನಿಜವಾಗಿಯೂ ಅತಿಥಿಗಳಿಗಾಗಿ ಹಿಟ್ಟು ನಾದುವ ಜಾಗವನ್ನು ತೆಗೆದು ತೋರಿಸಿದ್ದರು. ಆಮೇಲೆ ಪ್ರತಿವರ್ಷ ತರಗತಿಯಲ್ಲಿ ‘ನಮ್ಮ ಮನೆಯ ಪಂಡಿತರು ಹೇಳುವಂತೆ’ ಎಂದೇ ಆ ಮಾತು ಬರುತ್ತಿತ್ತು.

ಈಗ ಆಕೆ ನಿಜಕ್ಕೂ ಹಿಟ್ಟು ನಾದುತ್ತಿದ್ದಳು. ನಾದುವ ಯಂತ್ರವಿದ್ದರೂ ಮನಸ್ಸು ಕೆಟ್ಟಾಗ ಕೈಯಲ್ಲೇ ನಾದಬೇಕು ಆಕೆಗೆ. ಮುಂಚೆಯೇ ತನ್ನ ಕಿಡ್ನಿ ಕೊಡಲು ಹೋಗಿದ್ದಳು. ರಕ್ತದ ಗುಂಪೇ ಕೂಡಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ರಕ್ತ ಬೇರೆ ಬೇರೆಯೇ ಆಗಿ ಉಳಿಯಿತಲ್ಲ ಎಂದು ಒಲೆಮನೆಯಲ್ಲಿ ನಿಂತು ಅತ್ತಿದ್ದಳು. ಈಗ ಕೊಡು ಎಂದು ಮಗಳಿಗೆ ಹೇಳಿದರೆ, ಎತ್ತಿ ಆಡಿಸಿದ ಕೈಯಿಂದಲೇ ಅವಳನ್ನು ಕಟ್ಟಿ ಮಲಗಿಸಿದಂತೆ. ಬೇಡ ಎಂದರೆ, ಜೊತೆಯಾಗಿ ಬಾಳಿದ ಗಂಡ ದಿನದಿನಕ್ಕೆ ಒಣಗುವುದನ್ನು ನೋಡುತ್ತ ಕೂರಬೇಕು. ಅತ್ತ ದರಿ, ಇತ್ತ ಪುಲಿ. ಹಾಗಾಗಿ ಏನೂ ಹೇಳದೆ ನಾದಿದಳು. ಆ ವಾರದ ಬ್ರೆಡ್ಡು ಹಿಂದೆಂದೂ ಇಲ್ಲದಷ್ಟು ಮೆತ್ತಗಿದೆ ಎಂದು ಗಿರಾಕಿಗಳು ಹೊಗಳಿದರು.

ಅಪ್ಪ ಮಗಳ ಮಾತು ನಿಂತುಹೋಯಿತು. ತಾಯಿಯಂತೆ ಮಗಳು ಎಂಬ ಗಾದೆ ಈ ಮನೆಯಲ್ಲಿ ನಡೆಯುತ್ತಿರಲಿಲ್ಲ. ಮೂಗು, ಮೂಗಿನ ಮೇಲಿನ ಕೋಪ, ಎರಡೂ ಅಪ್ಪನವೇ. ಡಯಾಲಿಸಿಸ್‌ಗೆ ಮೇಷ್ಟ್ರು ಯಾವಾಗಲೂ ಮಗಳ ಬಸ್ಸಿನಲ್ಲೇ, ಅವಳ ಸೀಟಿನ ಹಿಂದೆಯೇ ಕೂತು ಹೋಗುತ್ತಿದ್ದರು. ಡ್ರೈವರ ಅಪ್ಪ ಎಂದು ಕಂಡಕ್ಟರ್ ಸುಮ್ಮನಿದ್ದರೂ ಬಿಡದೆ ಟಿಕೆಟ್ ಕೊಳ್ಳುತ್ತಿದ್ದರು. ಈಗ ಅವಳ ಬಸ್ಸಿಗೆ ಮುಂಚಿನ ಬಸ್ಸು ಹಿಡಿಯತೊಡಗಿದರು. ಆ ಬಸ್ಸು ಗುಂಡಿ ಸಿಕ್ಕಲ್ಲೆಲ್ಲ ಹಾರುತ್ತದೆ, ಮೈಯೆಲ್ಲ ಹಣ್ಣಾಗುತ್ತದೆ ಎಂದು ಮನೆಯಲ್ಲಿ ಗೊಣಗುವುದನ್ನು ಮಾತ್ರ ಬಿಡಲಿಲ್ಲ. ಮಗಳ ಕಿವಿಗೆ ಬೀಳಲೆಂದೇ ಗೊಣಗುತ್ತಿದ್ದರೋ ಏನೋ.

ಒಂದು ದಿನ ಅವರ ಕಾಲು ಬಾತುಕೊಂಡು ಚಪ್ಪಲಿಯೂ ಹಿಡಿಸದಾಯಿತು. ಬೇಕರಿಯಮ್ಮ ಅಂಗಡಿ ಮುಚ್ಚಿ ಜೊತೆಗೆ ಹೊರಟಳು. ಯಂತ್ರದ ಪಕ್ಕ ಮಲಗಿದ್ದ ಗಂಡನ ಕೈಯನ್ನು ಹಿಡಿದುಕೊಂಡು ಕೂತಿದ್ದು, ಮಧ್ಯಾಹ್ನ ಅವರನ್ನು ಮೆಲ್ಲನೆ ನಡೆಸಿಕೊಂಡು ಆಸ್ಪತ್ರೆಯ ಎದುರಿನ ಸ್ಟಾಪಿಗೆ ಬಂದಳು. ಬಂದು ನಿಂತದ್ದು ಮಗಳ ಬಸ್ಸೇ. ಮೇಷ್ಟ್ರು ಮುಖ ತಿರುಗಿಸಿ ಎದುರಿನ ಗೋಡೆಯನ್ನು ನೋಡತೊಡಗಿದರು. ಬಾಗಿಲು ತೆರೆಯಿತು. ಮೇಷ್ಟ್ರು ಗೋಡೆ ನೋಡುತ್ತಲೇ ಇದ್ದರು. ಮಗಳು ಇಂಜಿನ್ ಆರಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ತಾನೂ ನೇರ ಮುಂದೆ ನೋಡುತ್ತ ಕೂತಳು. ಹಿಂದಿನ ಗಾಡಿಗಳು ಹಾರ್ನು ಹೊಡೆದವು. ಬಸ್ಸಿನೊಳಗೆ ಗುಸುಗುಸು ಎದ್ದಿತು. ಕೊನೆಗೆ ಕಂಡಕ್ಟರ್ ಇಳಿದು ಬಂದು, “ಮೇಷ್ಟ್ರೇ, ಹತ್ತಿಬಿಡಿ. ಇಲ್ಲಾಂದ್ರೆ ನಾವೆಲ್ಲ ಇಲ್ಲೇ ಮನೆ ಮಾಡ್ಬೇಕಾಗುತ್ತೆ” ಎಂದು ಕೈಮುಗಿದ. ಮೇಷ್ಟ್ರು ಹತ್ತಿದರು. ಎರಡು ಟಿಕೆಟ್ ಕೊಂಡರು.

ಡಯಾಲಿಸಿಸ್ ಆದ ದಿನ ಅವರಿಗೆ ಕೂತಲ್ಲೇ ಜೊಂಪು. ಬೇಕರಿಯಮ್ಮನ ಹೆಗಲಿಗೆ ತಲೆ ವಾಲಿಸಿ ನಿದ್ದೆಹೋದರು. ಆ ತಲೆ ಈಗ ಎಷ್ಟು ಹಗುರವಾಗಿದೆ ಎಂದು ಆಕೆಗೆ ಭಯವಾಯಿತು. ತಮ್ಮ ಸ್ಟಾಪು ಬಂತು. ಎಬ್ಬಿಸಲು ಮನಸ್ಸು ಬರಲಿಲ್ಲ. ಮಗಳು ಕನ್ನಡಿಯಲ್ಲಿ ನೋಡಿ, ಏನೂ ಕೇಳದೆ ಬಸ್ಸು ಮುಂದಕ್ಕೆ ಬಿಟ್ಟಳು. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ಚಹಾಕ್ಕೆ ಹೋದ. ಖಾಲಿ ಬಸ್ಸಿನಲ್ಲಿ ಮಗಳು ಡ್ರೈವರ್ ಸೀಟಿನಿಂದ ಇಳಿದು ಬಂದು ಅವರೆದುರಿನ ಸೀಟಿನಲ್ಲಿ ತಿರುಗಿ ಕೂತಾಗ ಮೇಷ್ಟ್ರಿಗೆ ಎಚ್ಚರವಾಯಿತು. ಎಲ್ಲಿದ್ದೇವೆಂದು ನೋಡಿ, ಇಳಿಯಲು ಏಳಹೋದರು. ಬಾತ ಕಾಲು ಏಳಗೊಡಲಿಲ್ಲ.

“ಅಪ್ಪ, ನೀವು ಆ ಕಥೇನ ತಪ್ಪು ಹಿಡ್ಕೊಂಡಿದೀರ” ಎಂದಳು ಮಗಳು. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ ಮಾತೆಂದು ತಾಯಿಗೆ ತಿಳಿಯಿತು. “ನೀವು ತಂದೆ, ನಾನು ಮಗ ಅಂದ್ಕೊಂಡಿದೀರ. ಸೌದೆ ಮೇಲೆ ಮಲಗಿರೋದು ನೀವು. ನಾನು ಪೊದೇಲಿ ಸಿಕ್ಕ ಟಗರು. ದೇವರು ನೋಡ್ಕೊಂಡ, ಅಷ್ಟೆ.”

ಮೇಷ್ಟ್ರ ಕಣ್ಣಲ್ಲಿ ಒಂದು ಕ್ಷಣ ಹಳೆಯ ಬೆಳಕು ಮಿನುಗಿತು. ಹಿಂದಿನ ಬೆಂಚಿನ ವಿದ್ಯಾರ್ಥಿ ಅನಿರೀಕ್ಷಿತವಾಗಿ ಒಳ್ಳೆಯ ಉತ್ತರ ಹೇಳಿದಾಗ ಮಿನುಗುತ್ತಿದ್ದ ಬೆಳಕು. ಅದು ಬಂದ ಹಾಗೇ ಹೋಯಿತು.

“ಚೆನ್ನಾಗಿ ಹೇಳ್ದೆ. ಆದ್ರೆ ಟಗರು ಸಾಯುತ್ತೆ, ಮರಿ” ಎಂದರು. “ಮಗ ಉಳಿದ ಅನ್ನೋ ಖುಷೀಲಿ ಅದನ್ನ ಯಾರೂ ನೆನೆಸ್ಕೊಳ್ಳಲ್ಲ.”

ಮಗಳ ಬಳಿ ಇದ್ದದ್ದು ಅದೊಂದೇ ಬಾಣ. ಮೇಷ್ಟ್ರು ಗೆದ್ದಿದ್ದರು, ಸೋತಿದ್ದರೆ ಚೆನ್ನಾಗಿತ್ತು ಎಂಬಂಥ ಮುಖ ಮಾಡಿಕೊಂಡು ಕಿಟಕಿಯ ಕಡೆ ನೋಡಿದರು.

ಬೇಕರಿಯಮ್ಮನಿಗೆ ತಾನು ಮಾತಾಡುತ್ತೇನೆಂದು ಮೊದಲೇ ಗೊತ್ತಿರಲಿಲ್ಲ. ದನಿ ಏರಲೂ ಇಲ್ಲ. ಗಿರಾಕಿಗೆ ಚಿಲ್ಲರೆ ಇಲ್ಲ ಎನ್ನುವಷ್ಟೇ ಸಣ್ಣಗೆ ಹೇಳಿದಳು.

“ನೀವಿಬ್ರೂ ಬೆಟ್ಟದ ಮೇಲೆ ನಿಂತು ವಾದ ಮಾಡ್ತಿದೀರ. ನನ್ನನ್ನ ಯಾರಾದ್ರೂ ಕೇಳಿದ್ರಾ? ಇವಳು ಕೊಡ್ತೀನಿ ಅಂದಾಗ ನನ್ನ ಹೊಟ್ಟೇಲಿ ಬೆಂಕಿ ಬಿತ್ತು. ನೀವು ಬೇಡ ಅಂದಾಗ ಅದರ ಎರಡರಷ್ಟು ಬಿತ್ತು. ನನಗೆ ನೀವು ಬೇಕು ರೀ. ಇವಳ ಹೊಟ್ಟೆ ಕೊಯ್ದಾದ್ರೂ ಬೇಕು ಅನ್ನಿಸಿಬಿಟ್ತು. ಹೆತ್ತವಳು ಹೀಗೆ ಅಂದ್ಕೋಬಹುದಾ? ಹಿಟ್ಟು ನಾದ್ತಾ ನಾದ್ತಾ ಅದನ್ನೇ ಕೇಳ್ಕೋತಾ ಇದೀನಿ. ಉತ್ತರ ಸಿಕ್ಕಿಲ್ಲ.”

ಮಗಳು ಅಮ್ಮನ ಕೈ ಹಿಡಿಯಲು ಬಂದಳು. ಬೇಕರಿಯಮ್ಮ ಕೈ ಕೊಡಲಿಲ್ಲ.

“ನೀನೂ ಅಷ್ಟೆ. ಆ ಸುದ್ದಿ ಹೇಳಿದಾಗಿಂದ ಬರೀ ತಮಾಷೆ. ಹೆದರಿಕೆ ಇಲ್ವಾ ನಿನಗೆ? ನಿಜ ಹೇಳು.”

ಮಗಳು ಏನೋ ತಮಾಷೆಯ ಮಾತಿಗೇ ಹೊರಟಳು. ಅದನ್ನು ಅರ್ಧದಲ್ಲೇ ಬಿಟ್ಟಳು.

“ಇದೆ” ಎಂದಳು. “ಅಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಕೂರಿಸ್ಕೊಂಡು, ಬಾಗಿಲು ಹಾಕಿ ಕೇಳಿದ್ರು. ಮನೇಲಿ ಬಲವಂತ ಮಾಡ್ತಿದಾರಾ ಅಂತ. ಕೊನೇ ಗಳಿಗೇಲಿ ಬೇಡ ಅನ್ನಿಸಿದ್ರೂ ಹೇಳಿಬಿಡಿ, ನಿಮ್ಮ ಮೇಲೆ ಮಾತು ಬರದ ಹಾಗೆ ನಾವು ನೋಡ್ಕೋತೀವಿ ಅಂದ್ರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಹೆದರಿಕೇಗೇ ಅತ್ತೆ. ಆಮೇಲೆ ಎದ್ದು ಒಳಗೆ ಹೋಗಿ ಮುಂದಿನ ಪರೀಕ್ಷೆಗೆ ರಕ್ತ ಕೊಟ್ಟೆ.” ಅಪ್ಪನ ಕಡೆ ತಿರುಗಿದಳು. “ಅವರು ಕೇಳಿದ್ರು ಅಪ್ಪ. ನೀವು ಕೇಳ್ಲಿಲ್ಲ. ಬೇಡ ಅಂದ್ರಿ, ಅಷ್ಟೆ.”

ಮೇಷ್ಟ್ರು ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ಚಹಾ ಮುಗಿಸಿ ಬಂದ ಕಂಡಕ್ಟರ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಮೂವರ ಮುಖ ನೋಡಿ, ಇಟ್ಟ ಕಾಲು ಹಿಂದೆ ತೆಗೆದುಕೊಂಡು, ಆಚೆ ಹೋಗಿ ಮುಂದಿನ ಟೈರನ್ನು ಬಹಳ ಕಾಳಜಿಯಿಂದ ಪರೀಕ್ಷಿಸತೊಡಗಿದ.

ಆಮೇಲೆ ಮೇಷ್ಟ್ರು ಕೇಳಿದರು. ಒಂದೊಂದಾಗಿ, ತಡೆದು ತಡೆದು, ಉತ್ತರಕ್ಕೆ ಕಾಯುತ್ತ ಕೇಳಿದರು. ಕೊಯ್ದ ಮೇಲೆ ಎಷ್ಟು ದಿನ ನೋವಿರುತ್ತದೆ, ಮತ್ತೆ ಬಸ್ಸು ಓಡಿಸಲು ಬಿಡುತ್ತಾರೆಯೇ, ಉಳಿದ ಒಂದಕ್ಕೆ ಮುಂದೆ ಏನಾದರೂ ಆದರೆ ಏನು ಗತಿ, ಮುಂದೆ ಮದುವೆ ಮಕ್ಕಳು ಅಂತಾದರೆ ತೊಂದರೆಯಿಲ್ಲವೇ. ಮಗಳು ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಗಂಡ ಹೀಗೆ ಗೊತ್ತಿಲ್ಲದವರ ಹಾಗೆ ಪ್ರಶ್ನೆ ಕೇಳುವುದನ್ನು ಬೇಕರಿಯಮ್ಮ ಎಂದೂ ಕಂಡಿರಲಿಲ್ಲ.

“ಇಷ್ಟೆಲ್ಲ ಮಾಡಿ, ನನ್ನ ಮೈಗೆ ಅದು ಹಿಡೀದೇ ಹೋದ್ರೆ?” ಎಂದು ಕೊನೆಗೆ ಕೇಳಿದರು.

“ಅಳ್ತೀನಿ” ಎಂದಳು ಮಗಳು. “ಕೊಟ್ಟಿದ್ದಕ್ಕಲ್ಲ.”

ಮೇಷ್ಟ್ರು ಸರಿ ಎನ್ನಲಿಲ್ಲ. ಡಾಕ್ಟರ ಹತ್ತಿರ ಒಂದು ಸಲ ಮಾತಾಡಬೇಕು, ಮೂವರೂ ಹೋಗೋಣ ಎಂದರು. ಆಗ ಬೇಕರಿಯಮ್ಮ ಮಗಳ ಕೈಯನ್ನು ತಾನೇ ಎಳೆದುಕೊಂಡಳು. ಸ್ಟೀರಿಂಗ್ ಹಿಡಿದು ಹಿಡಿದು ಅಂಗೈಯೆಲ್ಲ ಒರಟಾಗಿತ್ತು.

ಡಾಕ್ಟರ ಮುಂದೆ ಕೂತು ಮತ್ತೆ ಎಲ್ಲವನ್ನೂ ಕೇಳಿ ಮುಗಿಸಿದ ಮೇಲೆ ಮೇಷ್ಟ್ರು ಒಪ್ಪಿದರು. ಆಪರೇಷನ್ ದಿನ ಮೊದಲು ಮಗಳನ್ನು ಒಯ್ದರು. ಗಾಲಿಮಂಚ ತಳ್ಳುವವನಿಗೆ ಅವಳು, ತಿರುವಿನಲ್ಲಿ ನಿಧಾನ ಎಂದು ಬುದ್ಧಿ ಹೇಳುತ್ತಲೇ ಹೋದಳು. ಹೆದರಿದ್ದಾಳೆ ಎಂದು ತಾಯಿಗೆ ಗೊತ್ತಿತ್ತು; ತಾಯಿಗೆ ಗೊತ್ತಿದೆ ಎನ್ನುವುದು ಈಗ ಮಗಳಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಸರದಿ. ಹೆಂಡತಿಯ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಇಷ್ಟು ಗ್ರಂಥ ಓದಿದವರು ಏನಾದರೂ ದೊಡ್ಡ ಮಾತು ಹೇಳಿಯಾರು ಎಂದು ಆಕೆ ಬಾಗಿದರೆ, “ಒಲೆ ಆರಿಸಿ ಬಂದಿದೀಯಾ?” ಎಂದು ಕೇಳಿದರು. ಆರಿಸಿದ್ದೇನೆ ಎಂದಳು. ಬಾಗಿಲು ಮುಚ್ಚಿಕೊಂಡಿತು.

ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಸದ್ದಿಲ್ಲದೆ ಓಡುವ ಟಿವಿ, ಯಾರೋ ಅರ್ಧ ಕುಡಿದಿಟ್ಟ ಕಾಫಿ ಲೋಟ. ಒಂದು ಗೋಡೆಯಾಚೆ ಗಂಡ, ಇನ್ನೊಂದರಾಚೆ ಮಗಳು. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದಳು. ಯಾರ ಹೆಸರು ಮೊದಲು ಹೇಳುವುದು ಎಂದು ಅಲ್ಲೇ ತಡೆಯಿತು. ಗಂಡನ ಹೆಸರು ಮೊದಲು ಬಂದರೆ ಮಗಳಿಗೆ ಮೋಸ, ಮಗಳ ಹೆಸರು ಬಂದರೆ ಗಂಡನಿಗೆ. ಕೊನೆಗೆ ಯಾರ ಹೆಸರನ್ನೂ ಹೇಳದೆ “ನೋಡ್ಕೋ” ಎಂದಳು. ಅಷ್ಟೇ ಹೇಳಿದಳು, ಬೆಳಗಿನಿಂದ ಮಧ್ಯಾಹ್ನದವರೆಗೂ.

ಮಗಳು ಚೆನ್ನಾಗಿದ್ದಾಳೆ ಎಂಬ ಸುದ್ದಿ ಮೊದಲು ಬಂತು. ಅದಾದ ಎಷ್ಟೋ ಹೊತ್ತಿನ ಮೇಲೆ ಸರ್ಜನ್ ಟೋಪಿ ಕೈಯಲ್ಲಿ ಹಿಡಿದು ಹೊರಗೆ ಬಂದು, ಕೂರಿಸಿದ ಕಿಡ್ನಿ ಅಲ್ಲೇ, ಮೇಜಿನ ಮೇಲೇ ಕೆಲಸ ಶುರುಮಾಡಿತು, ಮೂತ್ರ ಬಂತು ಎಂದರು. ಬೇಕರಿಯಮ್ಮ ಇನ್ನೊಂದು ಸಲ ಹೇಳಿ ಎಂದಳು. ಅವರು ಇನ್ನೊಂದು ಸಲ ಹೇಳಿದರು. ಮಗಳು ಹುಟ್ಟಿ ಮೊದಲ ಸಲ ಮಡಿಲು ಒದ್ದೆ ಮಾಡಿದಾಗಲೂ ಆಕೆಗೆ ಇಷ್ಟು ಸಂತೋಷವಾಗಿರಲಿಲ್ಲ.

ಎಲ್ಲವೂ ಹೂವಿನ ಹಾಗೆ ಸಾಗಿತು ಎಂದೇನೂ ಅಲ್ಲ. ಮೇಷ್ಟ್ರಿಗೆ ಜ್ವರ ಬಂತು. ಹೊಸ ಕಿಡ್ನಿಯನ್ನು ಮೈ ಪರಕೀಯ ಎಂದು ದೂಡುತ್ತಿದೆ ಎಂದು ಡಾಕ್ಟರು ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಕೆಳಗಿನ ಮಹಡಿಯಲ್ಲಿ ಮಗಳು ನೋವಿಗೆ ಹಲ್ಲು ಕಚ್ಚಿ, ಕೆಮ್ಮಿದರೂ ಕಣ್ಣಲ್ಲಿ ನೀರು ತಂದುಕೊಂಡು, ದಿಂಬು ಸರಿಮಾಡಲು ಬಂದ ಅಮ್ಮನ ಮೇಲೆ ರೇಗಿದಳು. ನಾನು ಯಾಕಾದರೂ ಇದಕ್ಕೆ ಕೈಹಾಕಿದೆನೋ ಎಂದೂ ಒಮ್ಮೆ ಅಂದಳು. ಬೇಕರಿಯಮ್ಮ ಅದನ್ನು ಕೇಳಿಸಿಕೊಂಡಳು. ಹಾಗನ್ನಬೇಡ ಎನ್ನಲಿಲ್ಲ. ತಲೆ ನೇವರಿಸಿ, ಬಟ್ಟಲಲ್ಲಿ ಉಳಿದ ಗಂಜಿ ತಾನು ಕುಡಿದು, ಮೆಟ್ಟಿಲು ಹತ್ತಿ ಗಂಡನ ಬಳಿ ಹೋದಳು. ಹೀಗೆ ಮೇಲೆ ಕೆಳಗೆ ಹತ್ತಿ ಇಳಿದು ಆಕೆಯ ಮಂಡಿ ಬಾತುಕೊಂಡಿತು. ಲಿಫ್ಟು ಇತ್ತು, ಅದಕ್ಕೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

ಜ್ವರ ಇಳಿದ ಮೇಲೆ ಒಂದು ಬೆಳಿಗ್ಗೆ, ಮೇಷ್ಟ್ರನ್ನು ಸ್ವಲ್ಪ ನಡೆಸಿ ಎಂದು ನರ್ಸ್ ಹೇಳಿದಳು. ಅವರು ಸಲೈನಿನ ಕಂಬ ಹಿಡಿದು ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಮಗಳು ಹೊರಗೆ ಬಂದಳು. ಯಾರ ಅಪ್ಪಣೆಯನ್ನೂ ಕೇಳಿದಂತಿರಲಿಲ್ಲ. ಪಕ್ಕೆಯ ಮೇಲೆ ಅಂಗೈ ಒತ್ತಿಕೊಂಡು, ಅರ್ಧ ಬಾಗಿ, ಗೋಡೆಯ ಕಂಬಿ ಹಿಡಿದು ಬರುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು.

“ಏನು ಡ್ರೈವರಮ್ಮ, ಗಾಡಿ ಒಂದು ಕಡೆ ವಾಲಿದೆ” ಎಂದರು ಮೇಷ್ಟ್ರು.

“ನಗಿಸ್ಬೇಡಿ ಅಪ್ಪ, ಹೊಲಿಗೆ ಎಳೆಯುತ್ತೆ” ಎಂದಳು ಮಗಳು.

ಮೇಷ್ಟ್ರು ತಮ್ಮ ಬಿಡುವಿದ್ದ ಕೈ ಚಾಚಿದರು. ಆಸರೆ ಕೊಡಲೆಂದೋ, ಆಸರೆ ಬೇಕೆಂದೋ ತಿಳಿಯುವಂತಿರಲಿಲ್ಲ. ಮಗಳು ಹಿಡಿದುಕೊಂಡಳು.

ಉದ್ದನೆಯ ಓಣಿ. ಕೊನೆಯಲ್ಲಿ ಒಂದು ಕಿಟಕಿ, ಅದರ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಇಬ್ಬರೂ ಅದರ ಕಡೆಗೆ ಹೊರಟರು. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲುತ್ತ, ಕಂಬದ ಗಾಲಿ ಕಿರುಗುಟ್ಟಿಸುತ್ತ, ಯಾರು ಅವಸರ ಮಾಡುತ್ತಿದ್ದಾರೆ ಎಂದು ಸಣ್ಣಗೆ ಜಗಳವಾಡುತ್ತ ಜೊತೆಯಾಗಿ ನಡೆದರು. ಬೇಕರಿಯಮ್ಮ ಹಿಂದೆಯೇ ಹೋಗಲು ಎರಡು ಹೆಜ್ಜೆ ಇಟ್ಟಳು. ಅವರು ಹಿಂತಿರುಗಿ ನೋಡಲಿಲ್ಲ. ಗೋಡೆಯ ಪಕ್ಕ ಒಂದು ಬೆಂಚಿತ್ತು. ಆಕೆ ಅದರ ಮೇಲೆ ಕೂತು, ಚಪ್ಪಲಿ ಕಳಚಿ, ಬರಿಗಾಲನ್ನು ತಣ್ಣನೆಯ ನೆಲಕ್ಕೆ ಊರಿದಳು.